ಎರಡು ಮಿಲಿಮೀಟರಿನ ಬೆರಗು

ಎಂಜಿನ್ ಅಂದರೆ ಪಿಸ್ಟನ್ ಎಂದೇ ನಮ್ಮೆಲ್ಲರ ತಿಳಿವಳಿಕೆ. ತೋಟದ ಡೀಸೆಲ್ ಪಂಪ್‌ಸೆಟ್ಟಿನಿಂದ ಹಿಡಿದು ಚಾರ್ಮಾಡಿ ಘಾಟಿ ಹತ್ತುವ ಲಾರಿಯವರೆಗೆ ಒಳಗೆ ನಡೆಯುವ ಕೆಲಸ ಒಂದೇ. ಪಿಸ್ಟನ್ ಮೇಲೆ ಹೋಗುತ್ತದೆ, ಅರೆಗಳಿಗೆ ನಿಲ್ಲುತ್ತದೆ, ಕೆಳಗೆ ಬರುತ್ತದೆ, ಮತ್ತೆ ನಿಲ್ಲುತ್ತದೆ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿ ಪಿಸ್ಟನ್ನೂ 12,000 ಸಲ ನಿಂತು ದಿಕ್ಕು ಬದಲಿಸುತ್ತದೆ. ಮುಂದಕ್ಕೆ ಓಡುವ ಗಾಡಿಯ ಹೊಟ್ಟೆಯಲ್ಲಿ ಇಷ್ಟೊಂದು ಹಿಂದು ಮುಂದಾಟ ಇದೆಯಲ್ಲ ಅನ್ನುವುದೇ ಒಂದು ಸೋಜಿಗ. ಆದರೆ ಹುಟ್ಟಿದಾಗಿನಿಂದ ಅದರ ಸದ್ದು ಕೇಳಿ ಕೇಳಿ, ಅದು ಸೋಜಿಗ ಅನ್ನುವುದೇ ನಮಗೆ ಮರೆತಿದೆ.

ಮರೆತದ್ದನ್ನು ಮತ್ತೆ ನೆನಪಿಸಿದ್ದು ಮಾಜ್ದಾ ಆರ್‌ಎಕ್ಸ್-7 ಎಂಬ ಹಳೆಯ ಜಪಾನೀ ಸ್ಪೋರ್ಟ್ಸ್ ಕಾರು. ಅದರಲ್ಲಿ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ನಡು ಸ್ವಲ್ಪ ಒಳಸೆಳೆದ ಅಂಡಾಕಾರದ ಒಂದು ಕೋಣೆ. ಅದರೊಳಗೆ ಬದಿಗಳು ಉಬ್ಬಿದ ಒಂದು ತ್ರಿಕೋನ. ಆ ತ್ರಿಕೋನಕ್ಕೆ ರೋಟರ್ ಎಂದು ಹೆಸರು. ಅಜ್ಜಿ ಒರಳಿನಲ್ಲಿ ದೋಸೆಗೆ ರುಬ್ಬುವಾಗ ಗುಂಡು ತನ್ನಷ್ಟಕ್ಕೆ ತಾನು ತಿರುಗುತ್ತಲೇ ಗುಳಿಯ ಅಂಚಿಗೂ ಸುತ್ತು ಹಾಕುತ್ತಿತ್ತಲ್ಲ, ಈ ರೋಟರಿನ ನಡೆಯೂ ಅದೇ. ತಾನೂ ತಿರುಗುತ್ತದೆ, ತಿರುಗುತ್ತ ತನ್ನ ನೆಲೆಯನ್ನೂ ಬದಲಿಸುತ್ತದೆ. ಹಾಗೆ ತಿರುಗುವಾಗ ಮೂರು ಮೂಲೆಗಳೂ ಯಾವ ಕ್ಷಣದಲ್ಲೂ ಗೋಡೆಯ ಪಕ್ಕ ಬಿಡುವುದಿಲ್ಲ. ಮೂಲೆ ಮೂಲೆಯ ನಡುವೆ ಮೂರು ಕೋಣೆಗಳು ಹುಟ್ಟುತ್ತವೆ, ಹಿಗ್ಗುತ್ತವೆ, ಕುಗ್ಗುತ್ತವೆ. ಒಂದು ಗಾಳಿ ಪೆಟ್ರೋಲನ್ನು ಒಳಗೆಳೆದುಕೊಳ್ಳುವಾಗ ಇನ್ನೊಂದು ಅದನ್ನು ಒತ್ತುತ್ತಿರುತ್ತದೆ, ಮತ್ತೊಂದು ಉರಿದ ಹೊಗೆಯನ್ನು ಹೊರಗೆ ತಳ್ಳುತ್ತಿರುತ್ತದೆ. ಎಲ್ಲೂ ನಿಲ್ಲುವುದಿಲ್ಲ, ಎಲ್ಲೂ ಹಿಂದಕ್ಕೆ ಬರುವುದಿಲ್ಲ.

ರೋಟರಿನ ಒಳಹಲ್ಲಿನ ಚಕ್ರಕ್ಕೆ 51 ಹಲ್ಲು. ಅದು ಕಚ್ಚಿಕೊಂಡು ಉರುಳುವ, ತಾನು ಮಾತ್ರ ಅಲುಗಾಡದ ಪುಟ್ಟ ಗೇರಿಗೆ 34 ಹಲ್ಲು. ಮೂರಕ್ಕೆ ಎರಡರ ಲೆಕ್ಕ. ಈ ಲೆಕ್ಕದ ಫಲವಾಗಿ ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ಎಕ್ಸೆಂಟ್ರಿಕ್ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಆ ಅಲುಗಾಡದ ಗೇರು. ಎಂಜಿನ್ನಿನ ಶಕ್ತಿ ಅದರ ಮೂಲಕ ಹರಿಯುವುದಿಲ್ಲ. ಬೆಂಕಿಯ ಒತ್ತಡ ರೋಟರಿನಿಂದ ನೇರ ಶಾಫ್ಟಿಗೆ ಹೋಗುತ್ತದೆ. ಗೇರಿನದು ತಾಳ ಕಾಯುವ ಕೆಲಸ ಮಾತ್ರ. ರೋಟರಿನ ಯಾವ ಮೂಲೆ ಯಾವ ಹೊತ್ತಿಗೆ ಎಲ್ಲಿರಬೇಕು ಅನ್ನುವುದನ್ನು ತಪ್ಪದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಅದು ಒಂದು ಹಲ್ಲು ತಪ್ಪಿದರೂ ಕತೆ ಮುಗಿಯಿತು.

ಇದು ಕಾಗದದ ಮೇಲಿನ ಬೆರಗು. ಕಾಗದಕ್ಕೆ ಸವೆತವಿಲ್ಲ, ಬಿಸಿಯಿಲ್ಲ. ಈ ರೇಖೆಗಳನ್ನು ಲೋಹದಲ್ಲಿ ಎರಕ ಹೊಯ್ಯಲು ಹೊರಟವರಿಗೆ ಎದುರಾದದ್ದು ಬೇರೆಯೇ ಪ್ರಶ್ನೆ. ಮೂಲೆಗಳು ಗೋಡೆಗೆ ತಾಗಿಯೇ ಇರಬೇಕು ಸರಿ. ತಾಗಿಕೊಂಡೇ ಉಜ್ಜುತ್ತ ಎಷ್ಟು ದಿನ ಬಾಳಬೇಕು?

ಕಲ್ಪನೆ ಜರ್ಮನಿಯ ಫೆಲಿಕ್ಸ್ ವಾಂಕೆಲ್‌ನದು. 1902ರಲ್ಲಿ ಹುಟ್ಟಿದ ಆತ ಎಂಜಿನಿಯರಿಂಗ್ ಪದವೀಧರನಲ್ಲ. ನಾಜಿ ಪಕ್ಷದ ನಂಟಿನ ಕಳಂಕವೂ ಆತನ ಬದುಕಿಗಿದೆ. ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಅವನ ಮೊದಲ ಎಂಜಿನ್ ತಿರುಗಿತು. ಅದರಲ್ಲಿ ರೋಟರಿನ ಜೊತೆ ಹೊರಗಿನ ಕೋಣೆಯೂ ತಿರುಗುತ್ತಿತ್ತು. ಕೋಣೆಯನ್ನು ನಿಲ್ಲಿಸಿ ರೋಟರನ್ನು ಮಾತ್ರ ತಿರುಗಿಸುವ ಸರಳ ರೂಪ ಕೊಟ್ಟವನು ಅದೇ ಕಂಪನಿಯ ಹಾನ್ಸ್ ಡೀಟರ್ ಪಾಶ್ಕೆ. ಅದು ವಾಂಕೆಲ್‌ಗೆ ಹಿಡಿಸಲಿಲ್ಲ. ಜಗತ್ತು ಒಪ್ಪಿದ್ದು ಮಾತ್ರ ಅದನ್ನೇ. ಜನರಲ್ ಮೋಟರ್ಸ್, ಡೈಮ್ಲರ್-ಬೆಂಜ್‌ನಂಥ ದೊಡ್ಡ ದೊಡ್ಡವರು ಲೈಸೆನ್ಸ್ ಪಡೆದು ಪ್ರಯೋಗಕ್ಕಿಳಿದರು, ಕೊನೆಗೆ ಕೈಬಿಟ್ಟರು. ಎನ್‌ಎಸ್‌ಯು 1967ರಲ್ಲಿ ತಂದ ಆರ್‌ಒ 80 ಕಾರಿನ ಎಂಜಿನ್‌ಗಳು ಬೇಗ ಸವೆದು, ಗ್ಯಾರಂಟಿ ಲೆಕ್ಕದಲ್ಲಿ ಬದಲಿಸಿ ಕೊಡುವುದರಲ್ಲೇ ಕಂಪನಿ ಬಸವಳಿಯಿತು.

ಪಟ್ಟು ಬಿಡದವರು ಹಿರೋಶಿಮಾದ ಮಾಜ್ದಾದವರು. ಮಾಜ್ದಾ ಎಂಬ ಹೆಸರು ನಮ್ಮ ಕಡೆಯವರಿಗೆ ಪರಿಚಯವಾದದ್ದು ಸ್ವರಾಜ್ ಮಾಜ್ದಾ ವ್ಯಾನುಗಳಿಂದ. ಶಾಲೆಯ ಮಕ್ಕಳನ್ನೂ ಮದುವೆಯ ದಿಬ್ಬಣವನ್ನೂ ತುಂಬಿಕೊಂಡು ಓಡಾಡಿದ ಆ ವ್ಯಾನಿನ ಹೆಸರಿನ ಹಿಂದೆ ಇಂಥದೊಂದು ಊರು ಇದೆಯೆಂದು ಆಗ ಯಾರೂ ಯೋಚಿಸಿರಲಿಕ್ಕಿಲ್ಲ. 1945ರ ಆಗಸ್ಟ್ 6ರಂದು ಅಣುಬಾಂಬ್ ಬಿದ್ದಾಗ ಕಾರ್ಖಾನೆಗೂ ನಗರದ ನಡುವಿಗೂ ಮಧ್ಯೆ ಹಿಜಿಯಾಮಾ ಎಂಬ ಗುಡ್ಡವಿತ್ತು. ಗುಡ್ಡದ ಮರೆಯಲ್ಲಿ ಕಟ್ಟಡಗಳು ಬಹುಮಟ್ಟಿಗೆ ಉಳಿದವು. ಪ್ರಾಂತ್ಯದ ಸರ್ಕಾರಿ ಕಚೇರಿ ಕೆಲಕಾಲ ಅಲ್ಲಿಂದಲೇ ನಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಮತ್ತೆ ಮೂರು ಗಾಲಿಯ ಸರಕು ಗಾಡಿಗಳ ತಯಾರಿ ಶುರುವಾಯಿತು.

1961ರಲ್ಲಿ ಜರ್ಮನಿಯವರೊಡನೆ ಒಪ್ಪಂದವಾಯಿತು. ಕೆನಿಚಿ ಯಮಾಮೊಟೊ ಎಂಬ ಎಂಜಿನಿಯರಿನ ಕೈಕೆಳಗೆ 47 ಮಂದಿಯ ತಂಡ ಕಟ್ಟಿದರು. ಒಡೆಯನಿಗಾಗಿ ಜೀವ ಕೊಟ್ಟ ನಲವತ್ತೇಳು ಸಮುರಾಯಿಗಳ ಕತೆ ಜಪಾನಿನಲ್ಲಿ ಎಲ್ಲರಿಗೂ ಗೊತ್ತು. ಈ ತಂಡಕ್ಕೂ ಆ ಹೆಸರೇ ಅಂಟಿತು. ಅವರನ್ನು ಕಾಡಿದ್ದು ಗೋಡೆಯ ಮೇಲೆ ಏಳುತ್ತಿದ್ದ ಗೆರೆಗಳು. ರೋಟರಿನ ಮೂಲೆಯಲ್ಲಿ ಕೂರಿಸಿದ ಸೀಲು ಗೋಡೆಗುಂಟ ಜಾರುವಾಗ ಅದುರುತ್ತಿತ್ತು. ಅದುರಿದಲ್ಲೆಲ್ಲ ಒಳಗೋಡೆಗೆ ಅಲೆ ಅಲೆಯಾಗಿ ಗೀರು ಬೀಳುತ್ತಿತ್ತು. ಅದನ್ನು ಅವರು ದೆವ್ವದ ಉಗುರಿನ ಗುರುತು ಎಂದು ಕರೆದರು. ಸೀಲಿನ ಅದುರುವಿಕೆಯ ಗತಿಯನ್ನೇ ಬದಲಿಸಬೇಕೆಂದು ಹೊಳೆಯುವುದಕ್ಕೆ, ಕೊನೆಗೆ ಕಾರ್ಬನ್ನಿಗೆ ಅಲ್ಯುಮಿನಿಯಂ ಬೆರೆಸಿದ ಸೀಲು ಕೈಗೂಡುವುದಕ್ಕೆ ವರ್ಷಗಳೇ ಹಿಡಿದವು. 1967ರ ಮೇ 30ರಂದು ಕಾಸ್ಮೊ ಸ್ಪೋರ್ಟ್ ಎಂಬ ಕಾರು ಮಾರಾಟಕ್ಕೆ ಬಂತು. 1991ರಲ್ಲಿ ಇದೇ ವಂಶದ ನಾಲ್ಕು ರೋಟರಿನ 787ಬಿ ಫ್ರಾನ್ಸಿನ ಲ ಮಾನ್ಸ್‌ನಲ್ಲಿ ಇಪ್ಪತ್ತನಾಲ್ಕು ಗಂಟೆ ಓಡಿ ಗೆದ್ದಿತು. ಆ ಪಂದ್ಯ ಗೆದ್ದ ಮೊದಲ ಜಪಾನೀ ಕಾರು ಅದು.

ಅದೇ ವರ್ಷದ ಕೊನೆಗೆ ಮೂರನೆಯ ತಲೆಮಾರಿನ ಆರ್‌ಎಕ್ಸ್-7 ಬಂತು. ಬಲ್ಲವರು ಅದನ್ನು ಎಫ್‌ಡಿ ಎಂದಷ್ಟೇ ಕರೆಯುತ್ತಾರೆ. 654 ಸಿಸಿಯ ಎರಡು ರೋಟರು, ಒಟ್ಟು 1,308 ಸಿಸಿ. ನಮ್ಮ ಸಾಧಾರಣ ಸಣ್ಣ ಕಾರಿನಷ್ಟೇ ಅಳತೆ. ಶಕ್ತಿ ಮಾತ್ರ ಮೊದಲಿಗೆ 255 ಅಶ್ವಶಕ್ತಿ, 1999ರ ಹೊತ್ತಿಗೆ 280. ಇದರ ಹಿಂದಿರುವುದು ಎರಡು ಟರ್ಬೊ. ಉರಿದ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಮಾಡಿಸಿದ ಉಪಾಯ ಇದು. ಬಿಸಾಡುವ ಹೊಗೆಯಲ್ಲೂ ದುಡಿಮೆ ಉಳಿದಿದೆ ಎಂದು ಕಂಡುಕೊಂಡವನ ಕಣ್ಣು ದೊಡ್ಡದು. ಆ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತು ದಾಟಿ ತಿರುಗುವಾಗ ಅದನ್ನು ಹೊತ್ತಿರುವುದು ಎಣ್ಣೆಯ ತೆಳ್ಳನೆ ಪೊರೆ ಮಾತ್ರ.

ಎಫ್‌ಡಿಯ ಟರ್ಬೊಗಳು ಸರದಿಯ ಮೇಲೆ ದುಡಿಯುತ್ತವೆ. ನಿಧಾನದಲ್ಲಿ ಮೊದಲನೆಯದು ಒಂದೇ. ನಿಮಿಷಕ್ಕೆ ಸುಮಾರು 4,500 ಸುತ್ತು ದಾಟಿದ ಮೇಲೆ ಎರಡನೆಯದು ಕೈಗೂಡಿಸುತ್ತದೆ. ಅದು ಸೇರುವ ಮೊದಲೇ ಸ್ವಲ್ಪ ಹೊಗೆಯನ್ನು ಅದರತ್ತ ತಿರುಗಿಸಿ, ಹದಕ್ಕೆ ತಂದು ಇಟ್ಟಿರುತ್ತಾರೆ. ಈ ಹಸ್ತಾಂತರವನ್ನೆಲ್ಲ ನಡೆಸುವುದು ಬೆರಳಿಗಿಂತ ಸಣ್ಣ ರಬ್ಬರ್ ಪೈಪುಗಳು, ಸೊಲೆನಾಯ್ಡ್‌ಗಳು, ಏಕಮುಖ ವಾಲ್ವುಗಳು. ಬಾನೆಟ್ ಎತ್ತಿದರೆ ಇಲಿ ಗೂಡು ಕಟ್ಟಿದ ಹಾಗೆ ಕಾಣುತ್ತದೆಂದು ಅದನ್ನು ರಿಪೇರಿ ಮಾಡುವವರೇ ನಗುತ್ತಾರೆ. ಮೂವತ್ತು ವರ್ಷ ಟರ್ಬೊದ ಪಕ್ಕ ಬೆಂದ ರಬ್ಬರು ಕಡ್ಡಿಯಂತೆ ಸೆಟೆದಿರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಕಣ್ಣಿಗೆ ಕಾಣದ ಒಂದು ಬಿರುಕು ಸಾಕು, ಎರಡನೆಯ ಟರ್ಬೊ ಎದ್ದೇಳುವುದೇ ಇಲ್ಲ. ಟರ್ಬೊ ಗಟ್ಟಿಮುಟ್ಟಾಗಿಯೇ ಇರುತ್ತದೆ. ಏಳು ಎಂದು ಹೇಳಬೇಕಾದ ಸುದ್ದಿ ದಾರಿಯಲ್ಲಿ ಸೋರಿಹೋಗಿರುತ್ತದೆ. ರೋಸಿಹೋದ ಕೆಲವರು ಇದನ್ನೆಲ್ಲ ಕಿತ್ತು ಒಂದೇ ದೊಡ್ಡ ಟರ್ಬೊ ಕೂರಿಸುತ್ತಾರೆ. ಇನ್ನು ಕೆಲವರು ಒಂದೊಂದೇ ಪೈಪನ್ನು ಕಳಚಿ, ನಕ್ಷೆ ನೋಡಿ, ಅದೇ ಜಾಗಕ್ಕೆ ಸಿಲಿಕೋನಿನ ಹೊಸ ಪೈಪು ತೊಡಿಸುತ್ತ ಕೂರುತ್ತಾರೆ. ಈ ಎರಡನೆಯ ಜಾತಿಯವನೊಬ್ಬ ನನ್ನ ಗೆಳೆಯ.

ಹಾಸನದ ಕಡೆಯವನು, ಅಮೆರಿಕಕ್ಕೆ ಹೋಗಿ ನೆಲೆಸಿದವನು. ಅಲ್ಲಿ ಮಾರಾಟವಾದ ಎಫ್‌ಡಿಗಳು 1993ರಿಂದ 95ರವರೆಗಿನ ಮಾದರಿಗಳು ಮಾತ್ರ. ಅಂಥದೊಂದು ಅವನ ಕೈಸೇರಿ, ಮನೆಯ ಗ್ಯಾರೇಜಿನಲ್ಲಿ ಎಂಜಿನ್ ಇಳಿಸಿಕೊಂಡು ಕೂತಿದ್ದ. ನಾನು ಹೋದಾಗ ಕಾರು ಕಾಣಲೇ ಇಲ್ಲ. ಕಂಡದ್ದು ಹೆಸರು ಬರೆದ ಪ್ಲಾಸ್ಟಿಕ್ ಚೀಲಗಳು, ಟ್ರೇಗಳು, ಸೀಮೆಎಣ್ಣೆಯ ವಾಸನೆ.

"ಇಷ್ಟು ಕಷ್ಟಪಟ್ಟು ಇಟ್ಕೊಳ್ಳೋ ಬದ್ಲು ಓಡ್ಸೋಕೆ ಬರೋ ಕಾರೇ ತಗೋಬಾರ್ದೇನೋ?" ಅಂದೆ.

"ಅದೂ ಇದೆ ಕಣೋ ಹೊರಗೆ. ಅದರ ಬಾನೆಟ್ ತೆಗೆದು ಎಷ್ಟು ವರ್ಷ ಆಯ್ತೋ ನೆನಪಿಲ್ಲ" ಅಂದ.

ಅಂಗೈ ಮೇಲೆ ಒಂದು ಲೋಹದ ಪಟ್ಟಿ ಇಟ್ಟು ತೋರಿಸಿದ. ಏಪೆಕ್ಸ್ ಸೀಲು. ರೋಟರಿನ ತುದಿಯಲ್ಲಿ ಕೂತು ಗೋಡೆಯನ್ನು ಮುಟ್ಟುವುದು ಇದೇ. ಉದ್ದ ಎಂಟು ಸೆಂಟಿಮೀಟರ್, ದಪ್ಪ ಎರಡೇ ಮಿಲಿಮೀಟರ್. ಇದರ ಒಂದು ಬದಿಯಲ್ಲಿ ಬೆಂಕಿ, ಇನ್ನೊಂದು ಬದಿಯಲ್ಲಿ ಈಗಷ್ಟೇ ಒಳಬರುತ್ತಿರುವ ತಣ್ಣನೆ ಗಾಳಿ. ನಡುವಿನ ಗಡಿ ಎರಡು ಮಿಲಿಮೀಟರು. ಕೆಳಗೊಂದು ಸಣ್ಣ ಸ್ಪ್ರಿಂಗ್ ಇದೆ, ಆದರೆ ಅದರ ಬಲ ಆರಂಭಕ್ಕೆ ಮಾತ್ರ. ಎಂಜಿನ್ ಹೊತ್ತಿಕೊಂಡ ಮೇಲೆ ಉರಿದ ಅನಿಲವೇ ಸೀಲು ಕೂತ ತೋಡಿನೊಳಗೆ ನುಗ್ಗಿ, ಸೀಲಿನ ಬೆನ್ನ ಹಿಂದೆ ಸೇರಿ, ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ತಪ್ಪಿಸಿಕೊಳ್ಳಲು ಹವಣಿಸುವ ಒತ್ತಡವೇ ಬಾಗಿಲನ್ನು ಮುಚ್ಚುತ್ತದೆ. ಒತ್ತಡ ಹೆಚ್ಚಿದಷ್ಟೂ ಹಿಡಿತ ಬಿಗಿ. ಇದನ್ನು ಕೇಳಿದ ಮೇಲೆ ಆ ಪಟ್ಟಿಯನ್ನು ಸುಮ್ಮನೆ ಟ್ರೇಗೆ ಹಾಕಲು ಮನಸ್ಸು ಬರಲಿಲ್ಲ.

ಆ ಹಿಡಿತಕ್ಕೂ ಮಿತಿ ಇದೆ. ಪೆಟ್ರೋಲು ಕಡಿಮೆಯಾಗಿ, ಟರ್ಬೊ ತುಂಬಿದ ಗಾಳಿ ಹೆಚ್ಚಾಗಿ, ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಸ್ಫೋಟವಾದರೆ ಸೀಲು ಕ್ಷಣದಲ್ಲಿ ಒಡೆಯುತ್ತದೆ. ಚೂರು ಗೋಡೆಗೆ ಲೇಪಿಸಿದ ಕ್ರೋಮನ್ನು ಗೀರಿಕೊಂಡು, ಹೊರಹೋಗುವಾಗ ಟರ್ಬೊದ ಚಕ್ರವನ್ನೂ ಕೆಡಿಸಿ ಹೋಗುತ್ತದೆ. ಬೋರ್ ಮಾಡಿಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಕೂರಿಸುವ ನಮ್ಮೂರ ಉಪಾಯ ಇಲ್ಲಿ ನಡೆಯದು. ಕ್ರೋಮ್ ಎದ್ದುಹೋದರೆ ಹೌಸಿಂಗನ್ನು, ಅಂದರೆ ಆ ಗೋಡೆಯ ಕವಚವನ್ನೇ, ಬದಲಿಸಬೇಕು. ಸೀಲು ಒಡೆದ ಎಂಜಿನ್ನಿನಲ್ಲಿ ಬಲ ಕಳೆದುಕೊಳ್ಳುವುದು ಒಂದು ಕೋಣೆಯಲ್ಲ, ಎರಡು. ಏಕೆಂದರೆ ಆ ಸೀಲು ಇಬ್ಬರಿಗೂ ಸೇರಿದ ಗೋಡೆ.

ಸಾವು ಇನ್ನೊಂದು ದಾರಿಯಿಂದಲೂ ಬರುತ್ತದೆ, ಬಹಳ ನಿಧಾನವಾಗಿ. ಪಿಸ್ಟನ್ ಎಂಜಿನ್ನಿನಲ್ಲಿ ಬೆಂಕಿಯೂ ತಣ್ಣನೆ ಗಾಳಿಯೂ ಒಂದೇ ಸಿಲಿಂಡರಿಗೆ ಸರದಿಯಂತೆ ಬರುತ್ತವೆ. ಇಲ್ಲಿ ಹಾಗಲ್ಲ. ಗಾಳಿ ಬರುವುದು ಸದಾ ಒಂದೇ ಬದಿಗೆ, ಉರಿಯುವುದು ಸದಾ ಇನ್ನೊಂದು ಬದಿಯಲ್ಲಿ. ಒಂದೇ ಲೋಹದ ಅರ್ಧ ಜೀವಮಾನವಿಡೀ ಕಾಯುತ್ತದೆ, ಉಳಿದರ್ಧ ತಂಪಾಗಿರುತ್ತದೆ. ಒಂದು ಕಡೆ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡೆ ಕಡಿಮೆ. ಈ ಎಳೆದಾಟದ ನಡುವೆ ಸಿಕ್ಕಿಕೊಂಡು ನೀರನ್ನು ಬೆಂಕಿಯಿಂದ ದೂರ ಇಟ್ಟಿರುವುದು ತೆಳ್ಳನೆ ರಬ್ಬರ್ ಉಂಗುರ. ಅದು ಸೋತ ದಿನ ರೇಡಿಯೇಟರಿನ ನೀರು ಇಳಿಯುತ್ತದೆ, ಹೊಗೆ ಬೆಳ್ಳಗಾಗುತ್ತದೆ. ಅನೇಕ ಎಫ್‌ಡಿಗಳಿಗೆ ಲಕ್ಷ ಕಿಲೋಮೀಟರ್ ಮುಟ್ಟುವ ಮೊದಲೇ ಎಂಜಿನ್ ಬಿಚ್ಚುವ ಯೋಗ ಬಂದಿರುತ್ತದೆ.

ಬಿಚ್ಚುವುದು ಸುಲಭವಲ್ಲ, ಕಟ್ಟುವುದು ಅದಕ್ಕಿಂತ ಕಷ್ಟ. ಫ್ಲೈವೀಲ್ ಹಿಡಿದಿರುವ ಒಂದೇ ನಟ್ಟಿನ ಅಗಲ 54 ಮಿಲಿಮೀಟರ್. ಅದಕ್ಕೆ ತೋಳುದ್ದದ ಹಿಡಿಯೂ ಮೈಯ ಭಾರವೂ ಬೇಕು. ಅದೇ ಕೈಯಿಂದ ರೋಟರಿನ ಬದಿಯ ಸೀಲಿನ ತುದಿಯನ್ನು ಅರದಿಂದ ಎರಡು ಸಲ ಸವರಿ, ಫೀಲರ್ ಗೇಜ್ ತೂರಿಸಿ ನೋಡಬೇಕು. ಬಿಡಬೇಕಾದ ಸಂದು 0.05ರಿಂದ 0.15 ಮಿಲಿಮೀಟರು. ಹೆಚ್ಚಾದರೆ ಸೋರುತ್ತದೆ, ಕಡಿಮೆಯಾದರೆ ಬಿಸಿಗೆ ಹಿಗ್ಗಿ ಸಿಕ್ಕಿಕೊಳ್ಳುತ್ತದೆ. ಒಂದೊಂದು ರೋಟರಿಗೂ ಏಪೆಕ್ಸ್ ಸೀಲು ಮೂರು, ಮೂಲೆಯ ಸೀಲು ಆರು, ಬದಿಯ ಸೀಲು ಆರು. ಜೋಡಿಸುವಾಗ ಅವು ಬೀಳದಂತೆ ವ್ಯಾಸಲೀನ್ ಮೆತ್ತಿ ನಿಲ್ಲಿಸುತ್ತಾರೆ. ಆಮೇಲೆ ಹೌಸಿಂಗಿನ ಮೇಲೆ ಹೌಸಿಂಗ್ ಇಟ್ಟು, ಉದ್ದನೆ ಬೋಲ್ಟುಗಳಿಂದ ಇಡೀ ಅಟ್ಟಿಯನ್ನು ಬಿಗಿಯುತ್ತಾರೆ.

ಬಿಗಿದಾದ ಮೇಲೆ ಗೆಳೆಯ ಒಂದೊಂದು ಪ್ಲಗ್ಗನ್ನು ತೆಗೆದು, ಮುಂದಿನ ಬೋಲ್ಟಿಗೆ ಪಾನಾ ಹಾಕಿ ನಿಧಾನ ತಿರುಗಿಸಿದ. ಪ್ಲಗ್ಗಿನ ತೂತಿನಿಂದ ಗಾಳಿ ಹೊರಬಂತು. ಫುಸ್. ಫುಸ್. ಫುಸ್. ಒಂದು ರೋಟರಿನ ಮೂರು ಮುಖ, ಮೂರು ಉಸಿರು. ಮೂರೂ ಸಮವಾಗಿದ್ದರೆ ಎಂಜಿನ್ ಸರಿ. ಎರಡು ಸೊರಗಿ ಒಂದೇ ಗಟ್ಟಿಯಾಗಿ ಕೇಳಿದರೆ ಒಂದು ಏಪೆಕ್ಸ್ ಸೀಲಿನ ಮೇಲೆ ಅನುಮಾನ. ದುಬಾರಿ ಮೀಟರುಗಳಿವೆ, ಅಂಕಿ ತೋರಿಸುತ್ತವೆ. ಆದರೂ ಮೊದಲು ಕಿವಿಗೊಟ್ಟು ಕೇಳದ ರೋಟರಿ ಮೆಕ್ಯಾನಿಕ್ ಸಿಗುವುದು ಅಪರೂಪ.

ಇದೆಲ್ಲ ವಿವೇಕದ ಮಾತೇ ಎಂದು ಕೇಳುವವರು ಇದ್ದೇ ಇರುತ್ತಾರೆ, ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಪೇಟೆಯಲ್ಲಿ ಓಡಿಸಿದರೆ ಲೀಟರಿಗೆ ಏಳು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಸೀಲು ಒಣಗದಿರಲೆಂದು ಒಂದು ಪಂಪು ಎಂಜಿನ್ ಆಯಿಲನ್ನೇ ಹನಿಹನಿಯಾಗಿ ಬೆಂಕಿಗೆ ಬಿಡುತ್ತಿರುತ್ತದೆ. ಅಂದರೆ ಈ ಎಂಜಿನ್ ಆಯಿಲ್ ಕುಡಿಯುವುದು ಕಾಯಿಲೆಯಲ್ಲ, ಹುಟ್ಟುಗುಣ. ಹೊಗೆಯ ನಿಯಮಗಳು ಬಿಗಿಯಾದಂತೆ ಇಂಥ ಎಂಜಿನ್ನಿಗೆ ಜಾಗ ಕಿರಿದಾಯಿತು. ಆರ್‌ಎಕ್ಸ್-7 ತಯಾರಿ 2002ರಲ್ಲಿ ನಿಂತಿತು. 2023ರಲ್ಲಿ ರೋಟರಿ ಮರಳಿ ಬಂದದ್ದು ಎಂಎಕ್ಸ್-30 ಕಾರಿನ ಬ್ಯಾಟರಿಗೆ ಕರೆಂಟು ಒದಗಿಸುವ ಜನರೇಟರಾಗಿ. ಇನ್ನೂ ಒಂದು ಮಾತಿದೆ. ಹಿಂದು ಮುಂದಾಟವಿಲ್ಲದೆ ಬರೀ ತಿರುಗುವ ಯಂತ್ರ ಬೇಕೆಂದು ವಾಂಕೆಲ್ ಕಂಡ ಕನಸನ್ನು ವಿದ್ಯುತ್ ಮೋಟಾರು ಸದ್ದಿಲ್ಲದೆ ನನಸು ಮಾಡಿದೆ. ಅದಕ್ಕೆ ಏಪೆಕ್ಸ್ ಸೀಲು ಬೇಕಿಲ್ಲ, ನೀರು ಬೆಂಕಿಗಳ ಜಗಳವೂ ಅದಕ್ಕಿಲ್ಲ.

ಹಾಗಾದರೆ ಬೆರಗು ಎಲ್ಲಿ ಉಳಿಯಿತು? ಮೋಟಾರಿನಲ್ಲೂ ಬೆರಗಿದೆ, ತಾಮ್ರದ ಸುರುಳಿಯಲ್ಲಿ ಕರೆಂಟು ಹರಿದರೆ ಉಕ್ಕು ತಿರುಗುತ್ತದೆ ಅನ್ನುವುದು ಯಾವ ಪವಾಡಕ್ಕೂ ಕಡಿಮೆಯಲ್ಲ. ಆದರೆ ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಕೇಳದ್ದರ ಕಡೆಗೆ ನಾವು ತಿರುಗಿ ನೋಡುವುದೂ ಇಲ್ಲ. ಹಳೆಯ ಎಫ್‌ಡಿ ದಿನವೂ ಕೇಳುತ್ತದೆ: ನೀರು ಎಷ್ಟಿದೆ, ಆಯಿಲ್ ಎಷ್ಟಿದೆ, ಆ ಮೂಲೆಯ ಪೈಪು ಬಿರಿದಿದೆಯೇ, ಇಷ್ಟು ದೂರ ಓಡಿಸಿ ತಕ್ಷಣ ಆಫ್ ಮಾಡಿದರೆ ಟರ್ಬೊದೊಳಗಿನ ಎಣ್ಣೆ ಸುಟ್ಟು ಕಟ್ಟಿಕೊಳ್ಳುವುದಿಲ್ಲವೇ. ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ ಕೊಡುತ್ತ ಮನುಷ್ಯನಿಗೆ ಅದರ ಒಳಗು ಗೊತ್ತಾಗುತ್ತದೆ. ಗೊತ್ತಾದ ಮೇಲೆ ಬೆರಗು ಹೋಗುತ್ತದೆ ಎನ್ನುವವರಿದ್ದಾರೆ. ನಾನು ನೋಡಿದ ಮಟ್ಟಿಗೆ ಬೆರಗು ಹೋಗಲಿಲ್ಲ, ಪ್ರಶ್ನೆ ಬದಲಾಯಿತು. ರಸ್ತೆಯಲ್ಲಿ ಈ ಕಾರು ಹಾದುಹೋದರೆ ನಾವು ಕೇಳುವುದು, ಇದು ಹೇಗಪ್ಪಾ ಇಷ್ಟು ಜೋರು ಓಡುತ್ತದೆ ಎಂದು. ಒಳಗೆ ಕೈಯಾಡಿಸಿದವನು ಕೇಳುವುದು, ಇಷ್ಟೆಲ್ಲ ಒಡೆಯಬಹುದಾದದ್ದು ಇಟ್ಟುಕೊಂಡು ಇದು ಇನ್ನೂ ಒಡೆಯದೆ ಹೇಗಿದೆ ಎಂದು. ಓಟಕ್ಕೆ ಬೆರಗಾಗಲು ಕಣ್ಣು ಸಾಕು. ತಡೆದುಕೊಂಡಿರುವುದಕ್ಕೆ ಬೆರಗಾಗಬೇಕಾದರೆ ಎಲ್ಲೆಲ್ಲಿ ಒಡೆಯಬಹುದು ಎಂಬುದೆಲ್ಲ ತಿಳಿದಿರಬೇಕು. ಅಜ್ಞಾನಕ್ಕೆ ದೊರಕದ ಬೆರಗು ಇದು.

ಇದಕ್ಕೊಂದು ತಮಾಷೆಯ ಕಟ್ಟಳೆಯೂ ಇದೆ. ಹೊಸದಾಗಿ ಕಟ್ಟಿದ ರೋಟರಿ ಎಂಜಿನ್ನನ್ನು ಮೊದಲ ಸಾವಿರ ಮೈಲಿ ಟರ್ಬೊ ಎಬ್ಬಿಸದೆ, ಸುತ್ತು ಏರಿಸದೆ, ಮೆಲ್ಲಗೆ ಓಡಿಸಬೇಕೆಂದು ಬಲ್ಲವರು ಹೇಳುತ್ತಾರೆ. ಸೀಲೂ ಗೋಡೆಯೂ ಒಂದಕ್ಕೊಂದು ಒಗ್ಗಿಕೊಳ್ಳಬೇಕಲ್ಲ. ಗೆಳೆಯನೂ ಹಾಗೇ ಓಡಿಸುತ್ತಿದ್ದಾನೆ. ಹೆದ್ದಾರಿಯಲ್ಲಿ ಮಿನಿವ್ಯಾನುಗಳು ಅವನನ್ನು ಹಿಂದೆ ಹಾಕಿ ಹೋಗುತ್ತವಂತೆ, ಒಳಗಿನ ಮಕ್ಕಳು ಕೈ ಬೀಸುತ್ತಾರಂತೆ. ವೇಗಕ್ಕೆಂದೇ ಹುಟ್ಟಿದ ಕಾರನ್ನು ಬಲಗಾಲು ಬಿಗಿಹಿಡಿದು ಓಡಿಸುವ ಈ ದಿನಗಳಲ್ಲೇ ಅದರ ಸದ್ದು ಅವನಿಗೆ ಅತ್ಯಂತ ಸ್ಪಷ್ಟವಾಗಿ ಕೇಳುತ್ತಿದೆಯಂತೆ. ನಂಬುತ್ತೇನೆ. ಕಾರನ್ನು ಕೊಂಡವನಿಗೆ ಅದರ ವೇಗದ ಮೇಲೆ ಹಕ್ಕು ಆ ದಿನವೇ ಬರುತ್ತದೆ. ಬೆರಗಿನ ಮೇಲಿನ ಹಕ್ಕನ್ನು ಮಾತ್ರ ಕಂತಿನಲ್ಲಿ ಕಟ್ಟಿ ತೀರಿಸಬೇಕು, ಆ ಕಂತು ಮುಗಿಯುವಂಥದಲ್ಲ.